ಕಾಲೇಜ್ ಪ್ರೆಪ್ ಅಂದ್ರೆ ಎಷ್ಟನೇ ಮೆಟ್ಟಿಲು?

ಫೆಬ್ರವರಿಯ ಒಂದು ಗುರುವಾರ. ಬಾಸ್ಟನ್ನಿನಲ್ಲಿ ಹಿಂದಿನ ದಿನವಷ್ಟೇ ಹಿಮ ಬಿದ್ದಿತ್ತು. ಆಫೀಸಿಂದ ಹೊರಡೋ ಹೊತ್ತಿಗೆ ಅಕ್ಕನ ಫೋನು. ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಈ ಊರಿನ ಹೊರವಲಯದಲ್ಲಿ ಹದಿನೈದು ವರ್ಷದಿಂದ ಇದಾಳೆ.

"ಲೋ, ಇವತ್ತು ಸಂಜೆ ಹೈಸ್ಕೂಲಲ್ಲಿ ಮೀಟಿಂಗ್ ಇದೆ ಕಣೋ. ಮುಂದಿನ ವರ್ಷ ಒಂಬತ್ತನೇ ಕ್ಲಾಸಿಗೆ ಸೇರೋ ಮಕ್ಕಳಿಗೆ ಕೋರ್ಸು, ಡಿಪಾರ್ಟ್‌ಮೆಂಟು ಎಲ್ಲ ಪರಿಚಯ ಮಾಡ್ತಾರಂತೆ. ನಿಮ್ಮ ಭಾವ ಬೆಂಗಳೂರಿಗೆ ಹೋಗಿದಾರೆ. ನೀನು ಬಾ. ನಂಗೆ ಇದರ ತಲೆಬುಡ ಅರ್ಥ ಆಗಲ್ಲ."

ನಂಗೆ ಮಾತ್ರ ಏನು ಅರ್ಥ ಆಗುತ್ತೆ ಅಂತ ಕರೀತಿದಾಳೋ! ನಾನು ಓದಿದ್ದು ಮೈಸೂರಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಪಿಯು ಕಾಲೇಜಿನ ಕೌಂಟರ್ ಮುಂದೆ ನಿಂತಿದ್ದೆ. ಒಳಗಿದ್ದವರು ತಲೆ ಎತ್ತದೆ "ಸೈನ್ಸಾ, ಕಾಮರ್ಸಾ?" ಅಂದ್ರು. ಅಪ್ಪ "ಸೈನ್ಸು" ಅಂದ್ರು. "ಕಾಂಬಿನೇಷನ್?" "ಪಿಸಿಎಂಸಿ." "ಲ್ಯಾಂಗ್ವೇಜು?" "ಸಂಸ್ಕೃತ." (ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ!) ಒಟ್ಟು ಹತ್ತು ಸೆಕೆಂಡು ಆಗಿರಬಹುದು. ಇತಿಹಾಸ ಇಷ್ಟ ಅಂತ ಹೇಳೋ ಯೋಚನೆ ನಂಗೆ ಬರಲೂ ಇಲ್ಲ, ಯಾರೂ ಕೇಳಲೂ ಇಲ್ಲ. ನನ್ನ ಕೋರ್ಸ್ ಪರಿಚಯ ಅಲ್ಲಿಗೆ ಮುಗೀತು.

ಇಲ್ಲಿ ನೋಡಿದ್ರೆ ಜಾತ್ರೆ. ಜಿಮ್ಮಿನ ತುಂಬ ಮೇಜುಗಳು. ಇಂಗ್ಲಿಷ್, ಗಣಿತ, ವಿಜ್ಞಾನ, ಸೋಷಿಯಲ್ ಸ್ಟಡೀಸ್, ವಿದೇಶಿ ಭಾಷೆ, ಆರ್ಟು, ಮ್ಯೂಸಿಕ್ಕು, ದೈಹಿಕ ಶಿಕ್ಷಣ... ಒಂದೊಂದು ವಿಭಾಗಕ್ಕೂ ಒಂದೊಂದು ಮೇಜು, ಹಿಂದೆ ಟೀಚರು, ಪಕ್ಕದಲ್ಲಿ ದೊಡ್ಡ ಕ್ಲಾಸಿನ ಹುಡುಗ ಹುಡುಗಿಯರು. ಬಾಗಿಲಲ್ಲೇ ಒಂದು ದಪ್ಪ ಪುಸ್ತಕ ಕೊಟ್ರು, ಕೋರ್ಸುಗಳ ಪಟ್ಟಿ. ಮದುವೆ ಮನೆ ಕೇಟರಿಂಗ್‌ನವರ ಮೆನು ಕೂಡ ಅಷ್ಟು ದಪ್ಪ ಇರಲ್ಲ.

"ಮಾಮ, ಇಲ್ಲಿ ಸೆರಾಮಿಕ್ಸ್ ಇದೆ!" ಅಂತ ಅಕ್ಕನ ಮಗಳು ಕುಣಿದಳು.

"ಮಡಕೆ ಮಾಡಕ್ಕೆ ಅಮೆರಿಕಾಗೆ ಬರಬೇಕಿತ್ತಾ?" ಅಂತ ಅಕ್ಕ ಗೊಣಗಿದಳು.

ಅಕ್ಕನ ಕಣ್ಣು ಇದ್ದದ್ದು ಗಣಿತದ ಮೇಲೆ. ಈಗಿರೋ ಸ್ಕೂಲಿನ ಗಣಿತ ಟೀಚರು ಇವಳಿಗೆ ಬರೆದುಕೊಟ್ಟಿದ್ದ ಶಿಫಾರಸು 'ಕಾಲೇಜ್ ಪ್ರೆಪ್'. ಅಂದ್ರೆ ಕಾಲೇಜಿಗೆ ತಯಾರಿ. ಅಕ್ಕ ಅದನ್ನ ಓದಿ ವಾರದಿಂದ ಖುಷಿಯಾಗಿದ್ದಳು, ಊರಿಗೂ ಫೋನ್ ಮಾಡಿ ಹೇಳಿ ಆಗಿತ್ತು. ಗಣಿತದ ಮೇಜಿನ ಹತ್ರ ನಿಂತಿದ್ದ ಹುಡುಗನ್ನ ನಾನು ಸುಮ್ಮನೆ ಕೇಳಿದೆ, ಇದರ ಮೆಟ್ಟಿಲು ಹೇಗಪ್ಪಾ ಅಂತ. ಅವನು ಪಾಪ, ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟ: "ಮೇಲೆ ಎಪಿ, ಅದರ ಕೆಳಗೆ ಆನರ್ಸು, ಕೊನೇದು ಕಾಲೇಜ್ ಪ್ರೆಪ್."

ಅಕ್ಕನ ಮುಖ ನೋಡಬೇಕಿತ್ತು. ಕಾಲೇಜಿನ ಹೆಸರು ಹೊತ್ತಿರೋದು ಕೊನೇ ಮೆಟ್ಟಿಲು! ಆಮೇಲೆ ವಿಚಾರಿಸಿದೆ, ಈ ಕಡೆ ಅನೇಕ ಸ್ಕೂಲುಗಳಲ್ಲಿ ಹೀಗೇ ಅಂತೆ. ಒಂದು ಕಾಲಕ್ಕೆ ಅದೇ ಹೆಸರು ಎಲ್ಲಕ್ಕಿಂತ ಮೇಲಿನ ಸಾಲಿಗಿತ್ತು.

ಆ ಸಂಜೆ ಮುಂದೇನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮನೆಗೆ ಬಂದ ಮೇಲೂ ಆ ಹೆಸರು ತಲೆಯಲ್ಲಿ ಕೊರೀತಾ ಇತ್ತು. ಈ ಮೇಜುಗಳನ್ನ ಹೀಗೆ ಜೋಡಿಸಿದ್ದು ಯಾರು? ಈ ಮೆಟ್ಟಿಲು ಕಟ್ಟಿದ್ದು ಯಾರು? ಎರಡು ಮೂರು ವೀಕೆಂಡು ಕೂತು ಓದಿದೆ. ಓದಿದ್ದನ್ನ ನಿಮಗೂ ಹೇಳಿಬಿಡ್ತೀನಿ.

ಕಥೆ ಶುರುವಾಗೋದೂ ಇದೇ ಊರಲ್ಲಿ. ಬಾಸ್ಟನ್ ಲ್ಯಾಟಿನ್ ಸ್ಕೂಲ್ ಶುರುವಾಗಿದ್ದು 1635ರಲ್ಲಿ, ಹಾರ್ವರ್ಡ್‌ಗಿಂತ ಒಂದು ವರ್ಷ ಮೊದಲು. ಅಲ್ಲಿ ಕೋರ್ಸು ಆರಿಸೋ ತಲೆನೋವೇ ಇರಲಿಲ್ಲ. ಲ್ಯಾಟಿನ್, ಗ್ರೀಕ್, ಮತ್ತೆ ಲ್ಯಾಟಿನ್. ಗಂಡು ಮಕ್ಕಳು ಅದನ್ನ ಕಲಿತು ಹಾರ್ವರ್ಡ್‌ಗೆ ಹೋಗಬೇಕು, ಪಾದ್ರಿನೋ ವಕೀಲನೋ ಆಗಬೇಕು. ನಮ್ಮ ಹಳೇ ಪಾಠಶಾಲೆಗಳ ಥರಾನೇ.

ಆದ್ರೆ ಬಾಸ್ಟನ್ ಬಂದರು ಊರು, ವ್ಯಾಪಾರಿಗಳ ಊರು. ಅಂಗಡಿ ಲೆಕ್ಕ ಬರೆಯೋನಿಗೆ, ಯಂತ್ರ ನಡೆಸೋನಿಗೆ ಗ್ರೀಕ್ ಯಾಕೆ ಅನ್ನೋ ಪ್ರಶ್ನೆ ಎದ್ದಿತು. 1821ರಲ್ಲಿ ಲ್ಯಾಟಿನ್ ಇಲ್ಲದ, ಗ್ರೀಕ್ ಇಲ್ಲದ ಒಂದು ಸ್ಕೂಲು ತೆಗೆದ್ರು. ಇಂಗ್ಲಿಷು, ಗಣಿತ, ಇತಿಹಾಸ ಇಂಥವು ಅಲ್ಲಿನ ಪಾಠ. ಅದೇ ಮುಂದೆ 'ಇಂಗ್ಲಿಷ್ ಹೈಸ್ಕೂಲ್' ಆಯ್ತು. ಅಮೆರಿಕದ ಮೊದಲ ಸರ್ಕಾರಿ ಹೈಸ್ಕೂಲು ಅದು, ಇವತ್ತೂ ಇದೆ. 1827ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನನ್ನೇ ತಂತು. 500 ಕುಟುಂಬ ಇರೋ ಊರಲ್ಲೆಲ್ಲ ಅಮೆರಿಕದ ಇತಿಹಾಸ, ಬುಕ್‌ಕೀಪಿಂಗ್, ಬೀಜಗಣಿತ, ರೇಖಾಗಣಿತ, ಜಮೀನು ಸರ್ವೆ ಹೇಳಿಕೊಡೋ ಮೇಷ್ಟ್ರು ಇರಲೇಬೇಕು ಅಂತ.

ಇಲ್ಲೊಂದು ವಿಷಯ ನೋಡಿ. ಅಮೆರಿಕದ ಹೈಸ್ಕೂಲು ಹುಟ್ಟಿದ್ದೇ 'ಕಾಲೇಜಿಗೆ ಹೋಗದವರ' ಸ್ಕೂಲಾಗಿ. ಕಾಲೇಜಿಗೆ ಹೋಗೋರಿಗೆ ಬೇರೆ ಬಾಗಿಲು ಇತ್ತು. ಅಂದ್ರೆ ಮೊದಲನೇ ದಿನದಿಂದಲೇ ಎರಡು ಸಾಲು.

ಹೆಣ್ಣು ಮಕ್ಕಳ ಸಾಲು ಯಾವುದು ಅಂತೀರಾ? 1826ರಲ್ಲಿ ಬಾಸ್ಟನ್ನಲ್ಲಿ ಅವರಿಗೂ ಒಂದು ಹೈಸ್ಕೂಲು ತೆಗೆದ್ರು. ಇದ್ದ ಸೀಟಿಗಿಂತ ಅರ್ಜಿಗಳೇ ಹೆಚ್ಚು ಬಂದ್ವು. ಅಂದ್ರೆ ಸ್ಕೂಲು ಗೆದ್ದಿದೆ ಅಂತ ಅಲ್ವಾ? ಊರಿನ ಆಡಳಿತ ಬೇರೆ ಥರ ಲೆಕ್ಕ ಹಾಕ್ತು. ಇಷ್ಟೊಂದು ಹುಡುಗಿಯರು ಬಂದ್ರೆ ಖರ್ಚು ತಡೆಯಕ್ಕಾಗಲ್ಲ ಅಂತ 1828ರಲ್ಲಿ ಮುಚ್ಚಿಬಿಟ್ರು. ಆಗ ಮೇಯರ್ ಆಗಿದ್ದವರು ಜೋಸಾಯಾ ಕ್ವಿನ್ಸಿ. ಮರುವರ್ಷ ಅವರು ಹಾರ್ವರ್ಡ್‌ನ ಅಧ್ಯಕ್ಷರಾದ್ರು! ಬೇಡಿಕೆ ಇದೆ ಅನ್ನೋ ಕಾರಣಕ್ಕೇ ಸ್ಕೂಲು ಮುಚ್ಚಿದ್ದನ್ನ ಓದಿ ನಂಗೆ ಮಾತೇ ಹೊರಡಲಿಲ್ಲ.

ಇನ್ನು ಜಿಮ್ಮಿನ ಆ ಮೇಜುಗಳ ವಿಷಯ. ಅದಕ್ಕೆ 1892ಕ್ಕೆ ಬರಬೇಕು. ಅಷ್ಟು ಹೊತ್ತಿಗೆ ಹೈಸ್ಕೂಲುಗಳು ಊರೂರಲ್ಲಿ ಎದ್ದಿದ್ವು. 1874ರಲ್ಲಿ ಮಿಷಿಗನ್ನಿನ ಸುಪ್ರೀಂ ಕೋರ್ಟು, ಕ್ಯಾಲಮಝೂ ಊರಿನ ಕೇಸಿನಲ್ಲಿ, ಜನರ ತೆರಿಗೆ ದುಡ್ಡಲ್ಲಿ ಹೈಸ್ಕೂಲು ನಡೆಸಬಹುದು ಅಂತ ತೀರ್ಪು ಕೊಟ್ಟಿತ್ತು. ಆದ್ರೆ ಪಾಠದಲ್ಲಿ ತಾಳಮೇಳ ಇರಲಿಲ್ಲ. ನಲವತ್ತರ ಹತ್ತಿರ ವಿಷಯಗಳು, ಒಂದೊಂದು ಸ್ಕೂಲಲ್ಲಿ ಒಂದೊಂದು ಥರ, ಒಂದೊಂದು ಕಾಲೇಜು ಒಂದೊಂದು ಕೇಳ್ತಿತ್ತು. ಇದನ್ನ ಸರಿ ಮಾಡಕ್ಕೆ ರಾಷ್ಟ್ರೀಯ ಶಿಕ್ಷಣ ಸಂಘ ಒಂದು ಸಮಿತಿ ಮಾಡ್ತು. ಹತ್ತು ಜನ, ಹತ್ತೂ ಜನ ಗಂಡಸರು. ಅದಕ್ಕೆ ಹೆಸರೇ 'ಹತ್ತು ಜನರ ಸಮಿತಿ'. ಅಧ್ಯಕ್ಷರು ಚಾರ್ಲ್ಸ್ ಎಲಿಯಟ್, ಹಾರ್ವರ್ಡನ್ನ 1869ರಿಂದ 1909ರವರೆಗೆ ನಲವತ್ತು ವರ್ಷ ಆಳಿದವರು. ವಿದ್ಯಾರ್ಥಿ ತನಗೆ ಬೇಕಾದ ವಿಷಯ ತಾನೇ ಆರಿಸಿಕೊಳ್ಳಲಿ ಅನ್ನೋ ಪದ್ಧತೀನ ಹಾರ್ವರ್ಡ್‌ನಲ್ಲಿ ಬೇರೂರಿಸಿದ್ದೂ ಇವರೇ.

ಈ ಹತ್ತು ಜನ ಒಂಬತ್ತು ಉಪಸಮಿತಿ ಮಾಡಿದ್ರು. ಲ್ಯಾಟಿನ್, ಗ್ರೀಕ್, ಇಂಗ್ಲಿಷ್, ಇತರ ಆಧುನಿಕ ಭಾಷೆಗಳು, ಗಣಿತ, ಭೌತಶಾಸ್ತ್ರ-ಖಗೋಳ-ರಸಾಯನ, ಜೀವಶಾಸ್ತ್ರಗಳು, ಇತಿಹಾಸ-ಆಡಳಿತ-ಅರ್ಥಶಾಸ್ತ್ರ, ಭೂಗೋಳ. ಒಂದೊಂದರಲ್ಲೂ ಹತ್ತು ಜನ. ಇತಿಹಾಸದ ಉಪಸಮಿತಿಯಲ್ಲಿ ಪ್ರಿನ್ಸ್‌ಟನ್ನಿನ ಒಬ್ಬ ಪ್ರೊಫೆಸರ್ ಇದ್ರು, ವುಡ್ರೋ ವಿಲ್ಸನ್ ಅಂತ. ಹೌದು, ಮುಂದೆ ಅಮೆರಿಕದ ಅಧ್ಯಕ್ಷರಾದ ಅವರೇ.

ಆ ಪಟ್ಟಿ ಓದುವಾಗ ಕಣ್ಣ ಮುಂದೆ ಬಂದದ್ದು ಆ ಜಿಮ್ಮು. ಹೆಚ್ಚು ಕಡಿಮೆ ಅವೇ ಮೇಜುಗಳು! ಗ್ರೀಕ್ ಹೋಗಿದೆ. ಭೂಗೋಳಕ್ಕೆ ಸ್ವಂತ ಮೇಜಿಲ್ಲ, ಅರ್ಧ ವಿಜ್ಞಾನದ ಪಾಲಾಗಿದೆ, ಅರ್ಧ ಸೋಷಿಯಲ್ ಸ್ಟಡೀಸ್ ಪಾಲು. (ಆ ಸೋಷಿಯಲ್ ಸ್ಟಡೀಸ್ ಅನ್ನೋ ಮೇಜು ಬಂದಿದ್ದು 1916ರ ಇನ್ನೊಂದು ಸಮಿತಿಯ ವರದಿಯಿಂದ.) ಉಳಿದ ಜೋಡಣೆ ನೂರಮೂವತ್ತು ವರ್ಷದಿಂದ ಅಷ್ಟಾಗಿ ಅಲ್ಲಾಡಿಲ್ಲ.

ಸಮಿತಿ ನಾಲ್ಕು ದಾರಿ ಸೂಚಿಸ್ತು. ಕ್ಲಾಸಿಕಲ್, ಲ್ಯಾಟಿನ್-ವಿಜ್ಞಾನ, ಆಧುನಿಕ ಭಾಷೆ, ಇಂಗ್ಲಿಷ್. ಆದ್ರೆ ಅದು ಹೇಳಿದ ದೊಡ್ಡ ಮಾತು ಇನ್ನೊಂದು. ಮಗು ಮುಂದೆ ಕಾಲೇಜಿಗೆ ಹೋಗಲಿ, ಅಂಗಡಿಗೆ ಹೋಗಲಿ, ಒಂದು ವಿಷಯವನ್ನ ಕಲೀತಿದೆ ಅಂದ್ರೆ ಎಲ್ಲರಿಗೂ ಅದನ್ನ ಒಂದೇ ರೀತಿ, ಒಂದೇ ಆಳದಲ್ಲಿ ಕಲಿಸಬೇಕು. ಕಾಲೇಜಿಗೆ ಹೋಗೋನ ಬೀಜಗಣಿತ ಬೇರೆ, ಹೋಗದೋನ ಬೀಜಗಣಿತ ಬೇರೆ ಅನ್ನೋದು ಕೂಡದು. ಆರಿಸಿಕೊಳ್ಳೋ ಸ್ವಾತಂತ್ರ್ಯ ಇರಲಿ, ಮೇಲು ಕೀಳು ಬೇಡ ಅಂತ.

ಎಷ್ಟು ಒಳ್ಳೇ ಮಾತು. ಆದ್ರೆ ಆಗ ಹೈಸ್ಕೂಲು ವಯಸ್ಸಿನ ನೂರು ಮಕ್ಕಳಲ್ಲಿ ಸ್ಕೂಲಿಗೆ ಹೋಗ್ತಿದ್ದೋರು ಏಳೇ ಜನ. ಏಳು ಜನಕ್ಕೆ ಒಂದೇ ಥರ ಬಡಿಸೋದು ಸುಲಭ.

1930ರ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ಹೈಸ್ಕೂಲಲ್ಲಿದ್ರು. ನಡುವಿನ ಆ ನಲವತ್ತು ವರ್ಷದಲ್ಲಿ ಇಟಲಿ, ಪೋಲೆಂಡು, ರಷ್ಯಾ ಅಂತ ವಲಸೆ ಬಂದವರ ಮಕ್ಕಳು, ಕಾರ್ಖಾನೆ ಕೂಲಿಗಳ ಮಕ್ಕಳು ಎಲ್ಲ ಬಂದ್ರು. ಬಂದ ಹಾಗೆಲ್ಲ ಒಳ್ಳೇ ಮಾತು ತೆಳುವಾಗ್ತಾ ಹೋಯ್ತು.

ಬೇಜಾರಿನ ವಿಷಯ ಏನಂದ್ರೆ, ಮೊದಲು ಬದಲಾದವರಲ್ಲಿ ಎಲಿಯಟ್ಟೂ ಒಬ್ಬರು. 1908ರಲ್ಲಿ ಅವರೇ ಒಂದು ಭಾಷಣದಲ್ಲಿ, ಮಕ್ಕಳು ಮುಂದೆ ಏನಾಗ್ತಾರೆ ಅನ್ನೋದನ್ನ ಅಂದಾಜು ಮಾಡಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ ವಿಂಗಡಿಸಬೇಕು ಅನ್ನೋ ಅರ್ಥದ ಮಾತಾಡಿದ್ರು. ಹದಿನೈದು ವರ್ಷದ ಹಿಂದೆ ಬೇಡ ಅಂದಿದ್ದ ಸಾಲು ಅವರ ಬಾಯಿಂದಲೇ ಬಂತು. ಈಗ ಅಕ್ಕನ ಕೈಲಿದ್ದ ಟೀಚರ್ ಶಿಫಾರಸು ನೆನಪಿಸಿಕೊಳ್ಳಿ.

ಅದೇ 1908ರ ಜನವರಿಯಲ್ಲಿ ಬಾಸ್ಟನ್ನಿನ ನಾರ್ತ್ ಎಂಡ್‌ನಲ್ಲಿ ಇನ್ನೊಬ್ಬ ಮನುಷ್ಯ ಇನ್ನೊಂದು ಕೆಲಸ ಶುರು ಮಾಡಿದ್ದ. ಹೆಸರು ಫ್ರಾಂಕ್ ಪಾರ್ಸನ್ಸ್. ಓದಿದ್ದು ಸಿವಿಲ್ ಇಂಜಿನಿಯರಿಂಗು (ನಮ್ಮ ಪೈಕಿ!), ಆಮೇಲೆ ಮೇಷ್ಟ್ರು, ಆಮೇಲೆ ವಕೀಲ, ಆಮೇಲೆ ಪ್ರೊಫೆಸರು. ಯಾವ ಕೆಲಸ ಹಿಡಿಯಬೇಕು ಅನ್ನೋ ಒದ್ದಾಟ ಅವನಷ್ಟು ಚೆನ್ನಾಗಿ ಗೊತ್ತಿದ್ದೋರು ಕಡಿಮೆ. ವಲಸೆ ಬಂದ ಹುಡುಗರಿಗೆ ಏನೇನು ದಾರಿ ಇದೆ ಅಂತ ಕೂತು ವಿವರಿಸೋ ಒಂದು ಕಚೇರಿ ತೆಗೆದ. ನಿನ್ನನ್ನ ನೀನು ತಿಳಿ, ಕೆಲಸಗಳನ್ನ ತಿಳಿ, ಎರಡನ್ನೂ ತೂಗಿ ನೀನೇ ನಿರ್ಧರಿಸು ಅನ್ನೋದು ಅವನ ಪದ್ಧತಿ. ಆ ಸೆಪ್ಟೆಂಬರಲ್ಲೇ ತೀರಿಕೊಂಡ. ಪುಸ್ತಕ ಬಂದಿದ್ದು 1909ರಲ್ಲಿ, ಅವನು ಹೋದ ಮೇಲೆ. ಅದಕ್ಕೆ ಸ್ವಲ್ಪ ಮೊದಲು, 1907ರಲ್ಲಿ, ಮಿಷಿಗನ್ನಿನ ಗ್ರಾಂಡ್ ರ‍್ಯಾಪಿಡ್ಸ್ ಊರಲ್ಲಿ ಜೆಸ್ಸಿ ಡೇವಿಸ್ ಅನ್ನೋ ಪ್ರಿನ್ಸಿಪಾಲರು ಇಂಗ್ಲಿಷ್ ಪಾಠದ ಪ್ರಬಂಧಗಳಲ್ಲೇ 'ಮುಂದೇನು' ಅನ್ನೋ ಚರ್ಚೆ ತಂದಿದ್ರು. ಇವತ್ತು ಪ್ರತೀ ಹೈಸ್ಕೂಲಲ್ಲಿ ಕೂತಿರೋ ಕೌನ್ಸೆಲರ್ ಅನ್ನೋರ ಅಜ್ಜಂದಿರು ಈ ಇಬ್ಬರು.

ಹೀಗೆ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಎರಡು ಕೆಲಸ ಹುಟ್ಟಿದ್ವು: ಮಕ್ಕಳಿಗೆ ದಾರಿ ತೋರಿಸೋದು ಮತ್ತು ಮಕ್ಕಳನ್ನ ವಿಂಗಡಿಸೋದು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತೆ. ಅದೇ ಮೇಜು, ಅದೇ ನಗುಮುಖ, ಅದೇ ಪುಸ್ತಕ.

ಆಮೇಲಿನ ಹತ್ತು ಹದಿನೈದು ವರ್ಷ ಗೆದ್ದಿದ್ದು ವಿಂಗಡಣೆ. ಮೊದಲು ಲೆಕ್ಕಕ್ಕೊಂದು ಅಳತೆ ಬೇಕಿತ್ತಲ್ಲ, ಅದು ಬಂದ ಕಥೆ ಮಜವಾಗಿದೆ. 1905ರಲ್ಲಿ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ ಪ್ರೊಫೆಸರುಗಳ ಪಿಂಚಣಿಗೆ ಅಂತ ಒಂದು ಕೋಟಿ ಡಾಲರ್ ಕೊಟ್ಟ. ಪಿಂಚಣಿ ಕೊಡಬೇಕಾದ್ರೆ ಯಾವುದು ನಿಜವಾದ ಕಾಲೇಜು ಅಂತ ಗೊತ್ತಾಗಬೇಕಲ್ಲ? ಸೇರೋ ಹುಡುಗ ಹೈಸ್ಕೂಲಲ್ಲಿ ಕನಿಷ್ಠ 14 'ಯೂನಿಟ್' ಮುಗಿಸಿರಬೇಕು ಅಂತ ಕೇಳೋದೇ ಕಾಲೇಜು ಅಂದ್ರು. ಯೂನಿಟ್ ಅಂದ್ರೆ ಒಂದು ವಿಷಯದಲ್ಲಿ ವರ್ಷಕ್ಕೆ ಸುಮಾರು 120 ಗಂಟೆ ಪಾಠ. ಪಿಂಚಣಿ ಆಸೆಗೆ ಕಾಲೇಜುಗಳು ಒಪ್ಪಿದ್ವು, ಕಾಲೇಜುಗಳಿಗಾಗಿ ಹೈಸ್ಕೂಲುಗಳೂ ಒಪ್ಪಿದ್ವು. ಇವತ್ತಿನ 'ಕ್ರೆಡಿಟ್' ಲೆಕ್ಕದ ಮೂಲ ಅದೇ. ಅಕ್ಕನ ಮಗಳು ಸೆರಾಮಿಕ್ಸ್‌ಗೆ ಅರ್ಧ ಕ್ರೆಡಿಟ್ ಅಂತ ಎಣಿಸುವಾಗ ಎಣಿಸ್ತಾ ಇರೋದು ಯಾರೋ ಪ್ರೊಫೆಸರರ ಪಿಂಚಣಿಗಾಗಿ ಮಾಡಿದ ಅಳತೆಯಲ್ಲಿ.

1917ರಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಬಂತು. ಕೃಷಿ, ಕೈಕಸುಬು, ಗೃಹವಿಜ್ಞಾನದ ಪಾಠಗಳಿಗೆ ಕೇಂದ್ರ ಸರ್ಕಾರದ ದುಡ್ಡು. 1918ರಲ್ಲಿ ಇನ್ನೊಂದು ದೊಡ್ಡ ವರದಿ, ಹೈಸ್ಕೂಲಿನ ಗುರಿಗಳು ಏಳು ಅಂತ. ಆರೋಗ್ಯ, ಓದು-ಬರಹ-ಲೆಕ್ಕದಂಥ ಮೂಲ ಕೌಶಲ, ಮನೆ, ಉದ್ಯೋಗ, ನಾಗರಿಕತನ, ಬಿಡುವಿನ ಒಳ್ಳೇ ಬಳಕೆ, ನಡತೆ. ಕಾಲೇಜು ಅನ್ನೋ ಪದ ಆ ಏಳರಲ್ಲಿ ಇಲ್ಲ. ಎಲ್ಲ ಮಕ್ಕಳೂ ಒಂದೇ ಸೂರಿನಡಿ, ಆದ್ರೆ ಬೇರೆ ಬೇರೆ ಸಾಲಲ್ಲಿ. ಯಾರು ಯಾವ ಸಾಲಿಗೆ ಅಂತ ಹೇಳಕ್ಕೆ ಹೊಸ ಯಂತ್ರವೂ ಸಿಕ್ತು. 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ತಯಾರಿಸಿದ ಐಕ್ಯೂ ಪರೀಕ್ಷೆ. ಒಂದನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಇಂಥವನ್ನ ಪ್ರಯೋಗಿಸಿದ್ರು, 1920ರ ದಶಕದಲ್ಲಿ ಸ್ಕೂಲುಗಳಿಗೆ ಇಳಿಸಿದ್ರು. ಪತ್ರಕರ್ತ ವಾಲ್ಟರ್ ಲಿಪ್ಮನ್ 1922ರಲ್ಲೇ ಸರಣಿ ಲೇಖನ ಬರೆದು ಝಾಡಿಸಿದ್ರು. ಕೇಳೋರು ಕಡಿಮೆ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತ ನಾನೂ ಅಂದ್ಕೊಂಡಿದ್ದೆ. ಒಂದು ಪದ ಎದುರಾಗಿ ಬೆಚ್ಚಿಬಿದ್ದೆ. 'ಮಲ್ಟಿಪರ್ಪಸ್'.

ಮೈಸೂರಿನವರಿಗೆ ಗೊತ್ತಿರುತ್ತೆ, ಮಾನಸಗಂಗೋತ್ರಿ ಪಕ್ಕ ಆರ್‌ಐಇ ಆವರಣದಲ್ಲಿ 'ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್' ಅಂತ ಇದೆ, ಡಿಎಂಎಸ್. ಚಿಕ್ಕವನಿದ್ದಾಗ ಆ ಬೋರ್ಡ್ ಓದಿ, ಹಗಲು ಸ್ಕೂಲು, ರಾತ್ರಿ ಮದುವೆ ಹಾಲು ಇರಬೇಕು ಅಂದ್ಕೊಂಡಿದ್ದೆ. ಅದರ ಹಿಂದೆ ಇರೋದು 1952-53ರ ಮುದಲಿಯಾರ್ ಆಯೋಗ. ಸ್ವತಂತ್ರ ಭಾರತದ ಪ್ರೌಢಶಿಕ್ಷಣ ಹೇಗಿರಬೇಕು ಅಂತ ಹೇಳಕ್ಕೆ ಕೂತ ಆಯೋಗ, ಅದರ ಸದಸ್ಯರಲ್ಲಿ ಕೆನೆತ್ ರಾಸ್ಟ್ ವಿಲಿಯಮ್ಸ್ ಅನ್ನೋ ಅಮೆರಿಕನ್ನೂ ಇದ್ರು. ಎಲ್ಲರನ್ನೂ ಮೆಟ್ರಿಕ್ಕಿನ ಒಂದೇ ದಾರೀಲಿ ಅಟ್ಟಬೇಡಿ, ಹೈಸ್ಕೂಲಲ್ಲೇ ಏಳು ಗುಂಪು ಮಾಡಿ ಅಂತ ಆಯೋಗ ಹೇಳ್ತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಇವೆಲ್ಲ ಸಿಗೋ ಸ್ಕೂಲೇ ಮಲ್ಟಿಪರ್ಪಸ್. ಅಮೆರಿಕದ 'ಎಲ್ಲ ಒಂದೇ ಸೂರಿನಡಿ' ಸ್ಕೂಲಿನ ದೂರದ ನೆಂಟ. ಅಂಥ ಸ್ಕೂಲುಗಳಿಗೆ ಮೇಷ್ಟ್ರುಗಳನ್ನ ತಯಾರು ಮಾಡಕ್ಕೆ 1963ರಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜು ತೆಗೆದ್ರು. ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು. ಅದಕ್ಕೆ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ತಜ್ಞರ ನೆರವೂ ಇತ್ತು.

ಆಮೇಲೇನಾಯ್ತು? ಕೃಷಿಗೆ, ಲಲಿತಕಲೆಗೆ ಬೇಕಾದಷ್ಟು ಮೇಷ್ಟ್ರು ಸಿಗಲಿಲ್ಲ. ಅಪ್ಪ ಅಮ್ಮಂದಿರು ನೋಡಿದ್ದು ಒಂದೇ, ಯಾವುದರಿಂದ ಇಂಜಿನಿಯರಿಂಗು, ಮೆಡಿಕಲ್ಲು ಸಿಗುತ್ತೆ ಅಂತ. 1964-66ರ ಕೊಠಾರಿ ಆಯೋಗ ಬಂದು, ಹತ್ತನೇ ಕ್ಲಾಸಿನವರೆಗೆ ಕವಲು ಬೇಡ, ಎಲ್ಲರಿಗೂ ಒಂದೇ ಪಾಠ ಅಂತು. ಆರಿಸೋ ಕೆಲಸ ಎಸ್ಸೆಸ್ಸೆಲ್ಸಿ ಆದ ಮೇಲಕ್ಕೆ ಸರೀತು, ಏಳು ಗುಂಪಿನ ಜಾಗದಲ್ಲಿ ಸೈನ್ಸು, ಕಾಮರ್ಸು, ಆರ್ಟ್ಸು ಮೂರೇ ಉಳಿದ್ವು. ನನ್ನ ಹತ್ತು ಸೆಕೆಂಡಿನ ಕೌಂಟರ್ ತಯಾರಾದದ್ದು ಹೀಗೆ. ಆ ಮೂರರಲ್ಲಿ ಯಾವುದು ಮೇಲು ಅಂತ ಯಾವ ಆಯೋಗವೂ ಬರೆದಿಲ್ಲ. ಆದ್ರೂ ನಮಗೆಲ್ಲ ಗೊತ್ತು, ಅಲ್ವಾ?

ಮತ್ತೆ ಅಮೆರಿಕಾಗೆ ಬರೋಣ. 1957ರ ಅಕ್ಟೋಬರಲ್ಲಿ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ್ರು, ಇಲ್ಲಿ ನಡುಕ ಹುಟ್ಟಿತು. 1958ರ ಕಾಯ್ದೆ ವಿಜ್ಞಾನ, ಗಣಿತ, ವಿದೇಶಿ ಭಾಷೆಗೆ ದುಡ್ಡು ಸುರೀತು, ಜೊತೆಗೆ ಜಾಣ ಮಕ್ಕಳನ್ನ ಹುಡುಕೋ ಕೌನ್ಸೆಲರ್‌ಗಳಿಗೂ. 1959ರಲ್ಲಿ ಹಾರ್ವರ್ಡ್‌ನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ ದೇಶದ ಹೈಸ್ಕೂಲುಗಳನ್ನ ಸುತ್ತಿ ಒಂದು ವರದಿ ಬರೆದ್ರು. 250-300 ಮಕ್ಕಳಿಗೆ ಒಬ್ಬ ಪೂರ್ಣಾವಧಿ ಕೌನ್ಸೆಲರ್ ಇರಲಿ ಅಂದ್ರು. ಇಡೀ ಮಗುವಿಗೆ ಒಂದು ಸಾಲಿನ ಹಣೆಪಟ್ಟಿ ಕಟ್ಟಬೇಡಿ, ಒಂದೊಂದು ವಿಷಯಕ್ಕೂ ಮಗುವಿನ ಶಕ್ತಿ ನೋಡಿ ಬೇರೆ ಬೇರೆ ಮಟ್ಟದ ಕ್ಲಾಸು ಕೊಡಿ ಅಂದ್ರು. ಗಣಿತದಲ್ಲಿ ಆನರ್ಸು, ಇಂಗ್ಲಿಷಲ್ಲಿ ಕಾಲೇಜ್ ಪ್ರೆಪ್ಪು ಅನ್ನೋ ಇವತ್ತಿನ ವ್ಯವಸ್ಥೆಯ ಬೇರು ಅಲ್ಲಿದೆ. ಎಪಿ ಅನ್ನೋ ಮೇಲಿನ ಮೆಟ್ಟಿಲೂ ಆಗಿನದೇ, ಕಾಲೇಜ್ ಬೋರ್ಡ್ ಅದನ್ನ ವಹಿಸಿಕೊಂಡಿದ್ದು 1955ರಲ್ಲಿ.

ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೋರು ಯಾರು ಅನ್ನೋದು ಕೋರ್ಟಿಗೆ ಹೋಯ್ತು. ರಾಜಧಾನಿ ವಾಷಿಂಗ್ಟನ್ನಿನ ಸರ್ಕಾರಿ ಸ್ಕೂಲುಗಳಲ್ಲಿ ಮಕ್ಕಳನ್ನ ಪರೀಕ್ಷೆ ಮೇಲೆ ಬೇರೆ ಬೇರೆ ಟ್ರ್ಯಾಕಿಗೆ ಹಾಕ್ತಿದ್ರು. 1967ರ ಹಾಬ್ಸನ್ ಕೇಸಿನಲ್ಲಿ ನ್ಯಾಯಾಧೀಶ ಸ್ಕೆಲ್ಲಿ ರೈಟ್ ಅದನ್ನ ರದ್ದು ಮಾಡಿದ್ರು. ಆ ಪರೀಕ್ಷೆಗಳು ಬಿಳಿಯ ಮಧ್ಯಮ ವರ್ಗದ ಮಕ್ಕಳ ಅಳತೆಗೆ ಹೊಲಿದವು, ಬಡ ಕಪ್ಪು ಮಕ್ಕಳ ಶಕ್ತಿ ಅವುಗಳಲ್ಲಿ ಕಾಣಲ್ಲ ಅನ್ನೋದು ತೀರ್ಪಿನ ಸಾರ. ಮರುವರ್ಷ ಮಾರ್ಚಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಸಾವಿರಾರು ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದ್ರು. ಜೊತೆಗೆ ನಿಂತ ಮೇಷ್ಟ್ರು ಸಾಲ್ ಕ್ಯಾಸ್ಟ್ರೋ. ಕೈಕೆಲಸದ ಪಾಠಕ್ಕೇ ತಳ್ಳಬೇಡಿ, ಕಾಲೇಜಿಗೆ ಹೋಗೋ ಕೋರ್ಸು ಕೊಡಿ, ನಮ್ಮ ಇತಿಹಾಸ ಕಲಿಸಿ ಅನ್ನೋದೂ ಅವರ ಬೇಡಿಕೆಗಳಲ್ಲಿತ್ತು. ಕೋರ್ಸ್ ಪಟ್ಟಿಗಾಗಿ ಬೀದಿಗಿಳಿದ ಮಕ್ಕಳು! ಇನ್ನು ಹುಡುಗಿಯರಿಗೆ ಅಡುಗೆ, ಹುಡುಗರಿಗೆ ಮರಗೆಲಸ ಅಂತ ಬೇರ್ಪಡಿಸೋದು ನಿಲ್ಲಕ್ಕೆ 1972ರ ಟೈಟಲ್ ನೈನ್ ಕಾನೂನು ಬರಬೇಕಾಯ್ತು.

1983ರಲ್ಲಿ ಸರ್ಕಾರದ ಒಂದು ವರದಿ ಉಲ್ಟಾ ದೂರಿತು. ಆಯ್ಕೆ ಅತಿಯಾಯ್ತು, ಮಕ್ಕಳು ಊಟ ಬಿಟ್ಟು ಚಟ್ನಿ ಉಪ್ಪಿನಕಾಯಿ ತಿಂತಿದಾರೆ ಅನ್ನೋ ಥರ. ನಾಲ್ಕು ವರ್ಷ ಇಂಗ್ಲಿಷು, ಮೂರು ಮೂರು ವರ್ಷ ಗಣಿತ, ವಿಜ್ಞಾನ, ಸೋಷಿಯಲ್ಲು ಎಲ್ಲರಿಗೂ ಕಡ್ಡಾಯ ಮಾಡಿ ಅಂತು. 1985ರಲ್ಲಿ ಜೀನಿ ಓಕ್ಸ್ ಅನ್ನೋ ಸಂಶೋಧಕಿ, ಒಂದೇ ಸ್ಕೂಲಿನ ಮೇಲಿನ ಕ್ಲಾಸಲ್ಲೂ ಕೆಳಗಿನ ಕ್ಲಾಸಲ್ಲೂ ನಡೆಯೋ ಪಾಠ ಎಷ್ಟು ಬೇರೆ ಅಂತ ಪುಸ್ತಕ ಬರೆದ್ರು. ಮೇಲೆ ಯೋಚನೆ ಮಾಡಿಸ್ತಾರೆ, ಕೆಳಗೆ ಕಂಠಪಾಠ ಮಾಡಿಸ್ತಾರೆ.

ಇಷ್ಟು ಓದಿದ ಮೇಲೆ ಸಿಕ್ಕಿದ್ದು ಬಾಬ್ ಮೋಸಸ್. ಈ ಕಥೆಯಲ್ಲಿ ನಂಗೆ ತುಂಬಾ ಹಿಡಿಸಿದ ಮನುಷ್ಯ.

1961ರಲ್ಲಿ ಮಿಸಿಸಿಪ್ಪಿಗೆ ಹೋಗಿ ಕಪ್ಪು ಜನರನ್ನ ಮತದಾರರ ಪಟ್ಟಿಗೆ ಸೇರಿಸಕ್ಕೆ ದುಡಿದವರು. ಅಲ್ಲಿ ಹೆಸರು ನೋಂದಾಯಿಸಬೇಕಾದ್ರೆ ಸಂವಿಧಾನದ ಒಂದು ಭಾಗ ಓದಿ ಅರ್ಥ ಹೇಳಬೇಕಿತ್ತು, ಸರಿಯೋ ತಪ್ಪೋ ಅನ್ನೋದು ಕಚೇರಿಯವನ ಮರ್ಜಿ. ಮೋಸಸ್ ಏಟು ತಿಂದ್ರು, ಜೈಲಿಗೆ ಹೋದ್ರು. ಮುಂದೆ ಟಾಂಜಾನಿಯಾದಲ್ಲಿ ಗಣಿತ ಕಲಿಸಿದ್ರು. ವಾಪಸ್ ಬಂದು, ನಮ್ಮ ಬಾಸ್ಟನ್ನಿಗೆ ಅಂಟಿಕೊಂಡೇ ಇರೋ ಕೇಂಬ್ರಿಡ್ಜಲ್ಲಿದ್ದಾಗ, 1982ರಲ್ಲಿ ಅವರ ಮಗಳು ಎಂಟನೇ ಕ್ಲಾಸಿಗೆ ಬಂದಳು. ಅವಳ ಸ್ಕೂಲಲ್ಲಿ ಬೀಜಗಣಿತ ಕಲಿಸ್ತಿರಲಿಲ್ಲ. ಎಂಟರಲ್ಲಿ ಬೀಜಗಣಿತ ಆಗದಿದ್ರೆ ಹೈಸ್ಕೂಲಿನ ಮೇಲಿನ ಗಣಿತಕ್ಕೆ ಬಾಗಿಲು ಅರ್ಧ ಮುಚ್ಚಿದ ಹಾಗೆ, ಅದು ಮುಚ್ಚಿದ್ರೆ ವಿಜ್ಞಾನ, ಇಂಜಿನಿಯರಿಂಗು ದೂರ. ಟೀಚರು "ಬನ್ನಿ, ಕ್ಲಾಸಲ್ಲೇ ಕಲಿಸಿ" ಅಂದ್ರು. ಮಗಳ ಜೊತೆ ಇನ್ನೂ ಕೆಲವು ಮಕ್ಕಳನ್ನ ಕೂರಿಸಿಕೊಂಡು ಕಲಿಸಿದ್ರು. ಅದೇ ಆಲ್ಜೀಬ್ರಾ ಪ್ರಾಜೆಕ್ಟ್ ಆಯ್ತು. 2021ರಲ್ಲಿ ತೀರಿಕೊಳ್ಳೋವರೆಗೂ ಅವರು ಹೇಳ್ತಿದ್ದ ಮಾತಿನ ಅರ್ಥ ಇಷ್ಟೇ: ಬೀಜಗಣಿತವೂ ಮತದ ಹಾಗೆ ಒಂದು ನಾಗರಿಕ ಹಕ್ಕು. ಆಗ 'ಈ ಜನಕ್ಕೆ ವೋಟು ಬೇಕಾಗಿಲ್ಲ' ಅಂತಿದ್ರು, ಈಗ 'ಈ ಮಕ್ಕಳಿಗೆ ಗಣಿತ ಬೇಕಾಗಿಲ್ಲ' ಅಂತಾರೆ. (ಈ ಜಗಳ ಮುಗಿದಿಲ್ಲ. ಎಂಟರ ಬೀಜಗಣಿತವನ್ನ 2014ರಲ್ಲಿ ತೆಗೆದಿದ್ದ ಸ್ಯಾನ್ ಫ್ರಾನ್ಸಿಸ್ಕೋ, ವಾಪಸ್ ತರಬೇಕು ಅಂತ 2024ರಲ್ಲಿ ತೀರ್ಮಾನಿಸ್ತು.)

ಈಗ ಆ ಗುರುವಾರಕ್ಕೆ ವಾಪಸ್ ಬರ್ತೀನಿ. ಗಣಿತದ ಮೇಜಿನ ಮುಂದೆ ಅಕ್ಕ ಸಪ್ಪೆ ಮುಖ ಹಾಕ್ಕೊಂಡು ನಿಂತಿದ್ದಳು. ಕ್ಯೂನಲ್ಲಿ ಹಿಂದೆ ಇದ್ದ ಒಬ್ಬ ಅಮ್ಮ, ದೊಡ್ಡ ಮಗನನ್ನ ಇದೇ ಸ್ಕೂಲಲ್ಲಿ ಓದಿಸಿದವರು, ಮೆಲ್ಲಗೆ ಹೇಳಿದ್ರು: "ಶಿಫಾರಸು ಒಪ್ಪಿಗೆ ಇಲ್ಲ ಅಂದ್ರೆ ಒಂದು ಫಾರಂ ಇದೆ. ತುಂಬಿ ಕೊಟ್ರೆ ಆನರ್ಸಿಗೆ ಹಾಕ್ತಾರೆ." ವೇದಿಕೆ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ರಲ್ಲ, ಆ ಫಾರಂ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಪುಸ್ತಕದಲ್ಲಿತ್ತು, ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ನೂರಾರು ಕೋರ್ಸು ಇರೋ ಪುಸ್ತಕ ಎಲ್ಲರ ಕೈಗೂ ಸಿಕ್ಕಿತ್ತು. ಆದ್ರೆ ಅದನ್ನ ಓದೋದು ಹೇಗೆ ಅನ್ನೋದು ಕ್ಯೂನಲ್ಲಿ ಸರಿಯಾದ ಜಾಗದಲ್ಲಿ ನಿಂತವರಿಗೆ ಮಾತ್ರ ಸಿಕ್ತು. ಪಾರ್ಸನ್ಸ್ ನಾರ್ತ್ ಎಂಡ್‌ನಲ್ಲಿ ಮಾಡಕ್ಕೆ ಹೊರಟಿದ್ದ ಕೆಲಸ ಇನ್ನೂ ಬಾಕಿ ಇದೆ.

ಅಕ್ಕ ಮಗಳನ್ನ ಕೇಳಿದಳು, "ಆನರ್ಸ್ ತಗೋತೀಯೇನೇ? ಕಷ್ಟ ಆಗುತ್ತೆ." ಅವಳು ಸ್ವಲ್ಪ ಯೋಚಿಸಿ, "ತಗೋತೀನಿ. ಆದ್ರೆ ಸೆರಾಮಿಕ್ಸೂ ಬೇಕು" ಅಂದಳು. ಅಕ್ಕ ನನ್ನ ಮುಖ ನೋಡಿದಳು. ನನಗೆ ನೆನಪಾಗಿದ್ದು ಮೈಸೂರಿನ ಆ ಕೌಂಟರು. "ಕೊಡ್ಸು ಅಕ್ಕ" ಅಂದೆ.

ಹೊರಗೆ ಹೊರಡೋವಾಗ ಬಾಗಿಲ ಹತ್ರ ಬ್ರೆಜಿಲ್ ಕಡೆಯ ಒಬ್ಬ ತಾಯಿ, ಕೆಲಸದ ಯೂನಿಫಾರ್ಮಲ್ಲೇ ಬಂದಿದ್ರು, ಅದೇ 'ಕಾಲೇಜ್ ಪ್ರೆಪ್' ಶಿಫಾರಸಿಗೆ ನಗ್ತಾ ಸೈನ್ ಹಾಕ್ತಾ ಇದ್ರು. ಪಕ್ಕದಲ್ಲಿ ಮಗ. ಅಕ್ಕ ಹೊರಟವಳು ನಿಂತಳು. ನನ್ನ ಕೈಗೆ ಕಾರಿನ ಕೀ ಕೊಟ್ಟು, "ಹೋಗಿ ಹೀಟರ್ ಹಾಕಿರು, ಐದು ನಿಮಿಷ" ಅಂತ ಹೇಳಿ, ಪುಸ್ತಕದ ಹಿಂದಿನ ಪುಟ ತೆಗೆದು ಆಕೆಯ ಹತ್ರ ಹೋದಳು.

ಐದು ನಿಮಿಷ ಅಂದವಳು ಬಂದಿದ್ದು ಅರ್ಧ ಗಂಟೆ ಆದ ಮೇಲೆ.